ನಮ್ಮ ಮಾಳಿಗೆಯ ಮೇಲೆ ನಿಂತ ಕಂಬ

ನನ್ನ ಮೊಮ್ಮಗಳ ದನಿ ಸಮುದ್ರದ ನಡುವಿನ ದ್ವೀಪಕ್ಕೆ ಮುಟ್ಟಿತು! ಫೋನಿಲ್ಲ, ಇಂಟರ್ನೆಟ್ ಇಲ್ಲ; ನಾನು ನಿಲ್ಲಿಸಿದ ಬಿದಿರಿನ ಕಂಬದ ತಂತಿಯಿಂದ ಮುಟ್ಟಿತು. ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದೇನೆ, ಈಗ ನಿಮ್ಮ ಸರದಿ.

ನಾನು ಕಲಿತದ್ದು ಮೂರನೇ ಇಯತ್ತೆ. ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಬಂದು, ಬೇಗಂ ಬಜಾರಿನ ಒಂದು ಟೆಂಟ್ ಹೌಸಿನಲ್ಲಿ ಮೊಳಕಾಲು ಸೋಲುವವರೆಗೂ ಶಾಮಿಯಾನ ಕಟ್ಟಿದೆ. ಎಷ್ಟೋ ಮದುವೆಗಳಿಗೆ ಕಂಬ ನಿಲ್ಲಿಸಿದೆ, ಒಂದನ್ನೂ ಕುಳಿತು ನೋಡಲಿಲ್ಲ. ಅಲ್ಲಿ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನಮ್ಮ ಗಾಡಿ ಇನ್ನೊಂದು ಮನೆಗೆ ಹೊರಟಿರುತ್ತಿತ್ತು.

ಮೊಮ್ಮಗಳು ಪಲ್ಲವಿಗೆ ಹ್ಯಾಮ್ ರೇಡಿಯೊದ ಹುಚ್ಚು; ಅಂದರೆ ಮನೆಯಿಂದಲೇ ರೇಡಿಯೊದಲ್ಲಿ ದೂರದೂರದವರೊಡನೆ ಮಾತಾಡುವ ಹವ್ಯಾಸ. ಪರೀಕ್ಷೆ ಬರೆದು ಸರ್ಕಾರದ ಲೈಸೆನ್ಸ್ ಪಡೆದಿದ್ದಾಳೆ. ಅದರ ಜೊತೆ ಕೊಡುವ ಅಕ್ಷರ-ಅಂಕಿಯ ಗುರುತಿಗೆ ಕಾಲ್ ಸೈನ್ ಎನ್ನುತ್ತಾರೆ. ಗಾಳಿಯಲ್ಲಿ ಅದೇ ಅವಳ ಹೆಸರು. ಈ ರೇಡಿಯೊದವರು ನಡೆಸುವ ಕಾಂಟೆಸ್ಟ್ ಎಂದರೆ ಗೊತ್ತುಮಾಡಿದ ಹೊತ್ತಿನೊಳಗೆ ಆದಷ್ಟು ದೂರದ, ಆದಷ್ಟು ಹೆಚ್ಚು ಜನರನ್ನು ಮಾತಿಗೆ ಹಿಡಿಯುವುದು. ಈ ಸಂಕ್ರಾಂತಿಯ ಕಾಂಟೆಸ್ಟಿಗೆ ಒಂದು ತಂಡ ರೇಡಿಯೊ ಹೊತ್ತು ದೂರದ ದ್ವೀಪಕ್ಕೆ ಹೋಗಿತ್ತು. ಹೋದ ವರ್ಷವೂ ಅವರು ಹೋಗಿದ್ದಾಗ ಪಲ್ಲವಿ ಎಷ್ಟು ಕೂಗಿದರೂ ಅವರಿಗೆ ಕೇಳಿಸಿರಲಿಲ್ಲ.

"ಸಂಜೀಗೆ ಅವರು ಗಂಟುಮೂಟೆ ಕಟ್ಟತಾರಜ್ಜಾ. ಅಷ್ಟರೊಳಗ ಸಿಗಬೇಕು," ಎಂದಿದ್ದಳು. ಅದಕ್ಕೇ ಹೈದರಾಬಾದಿನ ಲಿಂಗಂಪಲ್ಲಿಯ ನಮ್ಮ ಮಾಳಿಗೆಯ ಮೇಲೆ ಬಿದಿರು ನಿಲ್ಲಿಸಿ ಆಂಟೆನಾ ತಂತಿ ಎಳೆದುಕೊಟ್ಟಿದ್ದೆ.

ಮಧ್ಯಾಹ್ನ ದ್ವೀಪದ ದನಿ ಸಣ್ಣಗೆ ಕೇಳತೊಡಗಿತು. ಅದೇ ಹೊತ್ತಿಗೆ ಯಾರದೋ ಗಾಳಿಪಟದ ಮಾಂಜಾ, ಗಾಜಿನ ಪುಡಿ ಹಚ್ಚಿದ ದಾರ, ತಂತಿಯನ್ನು ಕಂಬದ ತುದಿಗೆ ಬಿಗಿದಿದ್ದ ಹಗ್ಗವನ್ನು ಕೊಯ್ದುಬಿಟ್ಟಿತು. ತಂತಿ ಕೆಳಗೆ ಬಿತ್ತು.

"ಆತು, ಈ ಸಲಾನೂ ಹೋತು," ಎಂದು ಪಲ್ಲವಿ ಜೋಲು ಮುಖ ಹಾಕಿ ಕುಳಿತಳು.

ಕಂಬ ಇಳಿಸಿ, ತಂತಿ ಕಟ್ಟಿ, ಮತ್ತೆ ಎಬ್ಬಿಸಬೇಕು. ಟೆಂಟ್ ಹೌಸಿನಲ್ಲಾದರೆ ಆಳುಗಳಿದ್ದರು. ಇಲ್ಲಿ ಹೆಂಡತಿ ಶಾಂತಾ, ಮಗ, ಸೊಸೆ, ಪಲ್ಲವಿ. ತಂತಿ ಕಟ್ಟಿದ ಮೇಲೆ ಒಬ್ಬೊಬ್ಬರ ಕೈಗೂ ಒಂದೊಂದು ಹಗ್ಗ ಕೊಟ್ಟು ನಾನು ಬುಡ ಹಿಡಿದೆ.

"ಹೈಸಾ! ಎಲ್ಲಾರೂ ಸಮ ಜಗ್ಗರಿ. ಒಂದ ಕಡೆ ಜಗ್ಗಿದ್ರ ಬೀಳತೈತಿ!"

"ಲಗ್ನ ಆದಾಗಿಂದ ನೀವು ನನ್ನ ಒಂದ ಕಡೆನೇ ಜಗ್ಗೀರಿ. ನಾ ಬಿದ್ದೀನೇನ್ರಿ?" ಎಂದಳು ಶಾಂತಾ.

ಸೊಸೆ ನಕ್ಕಳು, ಅವಳ ಹಗ್ಗ ಸಡಿಲಾಯಿತು, ಕಂಬ ವಾಲಿತು.

"ನಗೂದು ಆಮ್ಯಾಲ!" ಎಂದು ಕೂಗಿದೆ. ಕಂಬ ಎದ್ದು ನಿಂತಿತು.

ಪಲ್ಲವಿ ಕೋಣೆಗೆ ಓಡಿ ಮೈಕ್ ಹಿಡಿದಳು. ಕೂಗಿದಳು. ಮತ್ತೆ ಕೂಗಿದಳು. ಗರಗರ ಸದ್ದಿನೊಳಗಿಂದ ಒಂದು ದನಿ ಅವಳ ಕಾಲ್ ಸೈನ್ ಹೇಳಿ, ಅವಳ ದನಿ ಎಷ್ಟು ಚೆನ್ನಾಗಿ ಕೇಳಿತೆಂಬುದಕ್ಕೆ ಒಂದು ಅಂಕಿ ಹೇಳಿ, ಬೇರೆಯವರ ಕಡೆ ತಿರುಗಿತು.

"ಇಷ್ಟೇನವ್ವಾ? ಊಟ ಆತೇನಂತ ಸುದ್ದಾ ಕೇಳಲಿಲ್ಲ?" ಎಂದೆ ನಾನು.

"ಇಷ್ಟ ಅಜ್ಜಾ! ಸಿಕ್ಕರು!" ಎಂದು ಅಳುತ್ತಲೇ ನನ್ನ ಕೊರಳಿಗೆ ಬಿದ್ದಳು.

ಕೆಲಸ ಮುಗಿದ ಕೂಡಲೇ ಕಂಬ ಬಿಚ್ಚುವುದು ನಮ್ಮ ಕಸುಬಿನ ರೂಢಿ. ಸಂಜೆ ನನ್ನ ಕೈ ತಾನಾಗಿ ಹಗ್ಗದ ಗಂಟಿಗೆ ಹೋಯಿತು. ಪಲ್ಲವಿ ತಡೆದಳು: "ಇರಲಿ ಬಿಡಜ್ಜಾ. ಮೊದಲ ಊಟ ಮಾಡೂಣು."

ಕಂಬ ಕಟ್ಟಿದವನಿಗೂ ಅದರ ಕೆಳಗೆ ಒಂದು ಜಾಗವಿರುತ್ತದೆಂದು ಈ ವಯಸ್ಸಿಗೆ ಕಲಿತೆ. ಮಾಳಿಗೆಯ ಮೇಲೆ ಚಾಪೆ ಹಾಸಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬಡಿಸಿಕೊಂಡು, ನಾವೆಲ್ಲರೂ ಒಂದೇ ಪಂಕ್ತಿಯಲ್ಲಿ ಉಂಡೆವು.