ಆರನೆಯ ವಿಭಕ್ತಿ

ಐವತ್ತರ ದಶಕದ ಕೊನೆಯಲ್ಲಿ, ಬಿ.ಎ. ಓದುವಾಗ, ನಾನೊಂದು ಭಾಷೆ ಕಟ್ಟಿದೆ. ಪದಗಳ ಬೇರು ನೆರೆಮನೆಯ ಸಾಹೇಬರು ಕಲಿಸಿದ ಅರಬ್ಬಿಯದು. ಅದರ ಮೂರು ವಿಭಕ್ತಿ ಸಾಲದೆಂದು, ದೇವರಾಜ ಮೊಹಲ್ಲಾದಲ್ಲಿ ಕೊಂಡ ಹಳೆಯ ರಷ್ಯನ್ ವ್ಯಾಕರಣ ನೋಡಿ ಇನ್ನೂ ಮೂರು ಸೇರಿಸಿದೆ.

ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಅವ್ವ ದೋಸೆಗೆ ರುಬ್ಬುವಾಗ ಹಿಟ್ಟನ್ನು ಒರಳಿಗೆ ತಳ್ಳುವುದು ನನ್ನ ಕೆಲಸ. ಗುಂಡು ತಿರುಗಿದಂತೆ ನಾನು 'ಮನೆ' ಎಂಬ ಪದದ ಆರೂ ರೂಪಗಳನ್ನು ರಾಗವಾಗಿ ಹೇಳುತ್ತಿದ್ದೆ. ಶಾಲೆಯ ಮೆಟ್ಟಿಲು ಹತ್ತದ ಅವ್ವ, "ಅದೇನ್ ಗೊಣಗ್ತೀಯೋ ಕಾಣೆ, ಕೈ ಜೋಪಾನ ಕಣೇ" ಎನ್ನುತ್ತಿದ್ದಳು.

ಒಂದು ಭಾನುವಾರ ಕಾಲೇಜಿನ ಭಾಷಾಶಾಸ್ತ್ರದ ಮೇಷ್ಟ್ರು ಮನೆಗೆ ಬಂದರು. ನಾನು ಆ ಭಾಷೆ ಬರೆದಿಟ್ಟಿದ್ದ ನೋಟ್‌ಬುಕ್ ತಿರುವಿ ಹಾಕಿ, "ಆಡೋರೇ ಇಲ್ಲದ್ದನ್ನ ಭಾಷೆ ಅನ್ನಬಾರದಮ್ಮ, ಇದು ಆಟದ ಸಾಮಾನು" ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. 'ಮನೆ'ಯ ಆರೂ ರೂಪ ನೋಡದೇ ಒಪ್ಪಿಸುತ್ತೇನೆಂದು ಶುರುಮಾಡಿದೆ: ಬೈತು, ಬೈತ, ಬೈತಿ, ಬೈತೋವಿ, ಬೈತೋಮ್... ಸಿಟ್ಟಿನಲ್ಲಿ ಆರನೆಯದು ಮರೆತೇಹೋಯಿತು. ಮೇಷ್ಟ್ರು ಪುಟದ ಮೇಲೆ ಬೆರಳಿಟ್ಟು ಕಾಯುತ್ತಿದ್ದರು.

"ಬೈತ್ಯೆ."

ದನಿ ಅಡುಗೆಮನೆಯಿಂದ ಬಂತು. ಹಿಂದೆಯೇ ಅವ್ವ ಕಾಫಿ ಲೋಟ ಹಿಡಿದು ಬಂದು, ಆರನ್ನೂ ಅದೇ ರಾಗದಲ್ಲಿ, ಗುಂಡು ತಿರುಗುವ ಗತಿಯಲ್ಲೇ ಹೇಳಿ ಮುಗಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ದಿನಾ ನೀನೇ ಹೇಳಿ, ಈಗ ಮರ್ತ್‌ಬುಟ್ಯಲ್ಲೇ" ಎಂದು ಗದರಿದಳು.

ಮೇಷ್ಟ್ರು ನೋಟ್‌ಬುಕ್ ಮುಚ್ಚಿ ಎರಡೂ ಕೈಯಲ್ಲಿ ನನಗೆ ಕೊಟ್ಟರು. ನಾನೇ ಕಟ್ಟಿದ ಭಾಷೆಯಲ್ಲಿ ತಪ್ಪಿದೆನೆಂದು ನನ್ನನ್ನೇ ಬಯ್ಯುವವರು ಒಬ್ಬರಿದ್ದರು. ಆ ಬೈಗುಳಕ್ಕೆ ನಾನು ಇವತ್ತೂ ಬೀಗುತ್ತೇನೆ.