ತೊಂಬತ್ತಾರಕ್ಕೆ ಮಲಗುವ ತಮ್ಮ

ಇಂದು ಮಧ್ಯಾಹ್ನ ಮೊಮ್ಮಗನನ್ನು ತೊಟ್ಟಿಲಲ್ಲಿ ತೂಗುತ್ತ ಕೂತಿದ್ದೆ. ಸೊಸೆ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಅತ್ತಿ, ಇದ್ಯಾವ ಜೋಗುಳರಿ? ಹನ್ನೆರಡರ ಮಗ್ಗಿ ಅಂದ್ರ ಕೂಸು ಮಲಗತೈತೇನು?”

ಮಲಗುತ್ತದೆ ಮಹಾರಾಯರೇ! ನಮ್ಮ ಮನೆತನದಲ್ಲಿ ಮಲಗುತ್ತದೆ. ಹೇಗೆಂದು ನೀವೂ ಕೇಳಿ.

ಬ್ರಿಟಿಷರ ಕಾಲ. ಘೋಡಗೇರಿಯಲ್ಲಿ ನಾನು ಎಂಟು ವರ್ಷದ ಹುಡುಗಿ. ಅವ್ವ ಹೊಲಕ್ಕೆ ಹೊರಟಳೆಂದರೆ ತಮ್ಮ ಬಸು ನನ್ನ ಕಂಕುಳಿಗೆ. ನಮ್ಮೂರಲ್ಲಿ ಕೂಸಿನ ಕಾಲಿಗೆ ನೆಲ ಸಿಗುವ ಮೊದಲು ಅಕ್ಕನ ಸೊಂಟ ಸಿಗುತ್ತಿತ್ತು. ನನಗೋ ಸಾಲಿಗೆ ಹೋಗಿ ಓದುವ ಹುಚ್ಚು. ಆದರೆ ಮಾಸ್ತರರು, “ಕೂಸು ಮನ್ಯಾಗ ಬಿಟ್ಟು ಬಾರವಾ, ಸಾಲ್ಯಾಗ ಅದರ ಅಳು ಬ್ಯಾಡ” ಎಂದುಬಿಟ್ಟಿದ್ದರು. ಬಿಡುವುದಾದರೂ ಯಾರ ಹತ್ತಿರ?

ಹೀಗಾಗಿ ಕಿಟಕಿಯ ಹೊರಗೆ, ಬೇವಿನ ನೆರಳಲ್ಲಿ ನನ್ನ ಸಾಲಿ. ಒಳಗೆ ಹುಡುಗರು ಮಗ್ಗಿ ಒದರಿದರೆ ಹೊರಗೆ ನಾನು ಅದೇ ತಾಳಕ್ಕೆ ಬಸುವನ್ನು ತಟ್ಟುತ್ತಿದ್ದೆ. ಎಂಥ ಹಟಮಾರಿ ಅಂತೀರಿ! ಎರಡರ ಮಗ್ಗಿ ಮುಗಿದು ಹನ್ನೆರಡರದು ಬಂದರೂ ಕಣ್ಣು ಪಿಳಿಪಿಳಿ. ಸಿಟ್ಟಿಗೆ ಎಷ್ಟು ಸಲ ಚಿವುಟಿದ್ದೇನೋ, ಸುಳ್ಳೇಕೆ ಹೇಳಲಿ.

ಒಂದು ದಿನ ಸಾಲಿ ತಪಾಸಣೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರು, ನಮ್ಮ ಕಡೆಯವರೇ. ಮಾಸ್ತರರು ಗಾಬರಿಯಲ್ಲಿ ರುಮಾಲನ್ನು ಮೂರು ಸಲ ಬಿಚ್ಚಿ ಸುತ್ತಿಕೊಂಡಿದ್ದರು. ಸಾಹೇಬರು ಹನ್ನೆರಡರ ಮಗ್ಗಿ ಕೇಳಿದರು. ಗೌಡರ ಹುಡುಗ ನಾಲ್ಕಕ್ಕೇ ತೊದಲಿ ನಿಂತ. ನನಗೆ ತಡೆಯಲಾಗಲಿಲ್ಲ. ಕಿಟಕಿಯ ಸರಳು ಹಿಡಿದು, “ಹನ್ನೆರಡ ಐದಲೆ ಅರವತ್ತು!” ಎಂದು ಕೂಗಿಯೇಬಿಟ್ಟೆ. ಶುರು ಮಾಡಿದವಳು ಬಸುವನ್ನು ತೂಗುತ್ತಲೇ ಹನ್ನೆರಡ ಎಂಟಲೆ ತೊಂಬತ್ತಾರರ ತನಕ ಓಡಿದೆ. ಅಲ್ಲಿ ಗಪ್ಪನೆ ನಿಂತೆ.

“ಮುಂದ ಹೇಳವಾ,” ಎಂದರು ಸಾಹೇಬರು.

“ಮುಂದ ಬರೂದಿಲ್ರಿ. ತೊಂಬತ್ತಾರಕ್ಕ ಇಂವ ಮಲಗತಾನ್ರಿ. ಆಮ್ಯಾಲ ಇಂವನ್ನ ಮನ್ಯಾಗ ಹಾಸಿಗಿಗೆ ಹಾಕಿ ನಾ ನೀರ ತರಾಕ ಹೋಗತೇನ್ರಿ.”

ಸಾಹೇಬರು ಕಿಟಕಿಯಲ್ಲಿ ಬಗ್ಗಿ ನೋಡಿದರು. ಬಸು ನನ್ನ ಹೆಗಲ ಮೇಲೆ ಜೊಲ್ಲು ಸುರಿಸುತ್ತ ನಿದ್ದೆ ಹೋಗಿದ್ದ. “ಅರೆ, ಖರೇನ ಮಲಗ್ಯಾನಲ್ರೀ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮಾಸ್ತರರ ಕಡೆ ತಿರುಗಿದರು. “ಪಡಸಾಲ್ಯಾಗ ಒಂದು ಜೋಳಿಗಿ ಕಟ್ಟಸ್ರಿ, ಕೂಸು ಅದರಾಗ ಮಲಗ್ಲಿ. ಈ ಹುಡಗಿ ಹೆಸರು ಇವತ್ತ ಸಾಲಿಗೆ ಹಚ್ಚರಿ.”

ಅಬ್ಬಾ, ಆ ದಿನ ನಾನು ಮನೆಗೆ ಓಡಿದ ಓಟ! ನೀರು ತರುವುದೂ ಮರೆತೇಹೋಯಿತು. ಸುದ್ದಿ ಊರಿಗೆಲ್ಲ ಹಬ್ಬಿ, ವಾರ ಕಳೆಯುವುದರೊಳಗೆ ಕೂಸು ಹೊತ್ತ ಇನ್ನೂ ನಾಲ್ವರು ಅಕ್ಕಂದಿರು ಬಂದರು. ಪಡಸಾಲೆಯ ತೊಲೆಗೆ ಸೀರೆಯ ಜೋಳಿಗೆಗಳು ಸಾಲಾಗಿ ತೂಗಿದವು. ಅಳು ಬೇಡವೆಂದಿದ್ದ ಮಾಸ್ತರರೇ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಜೋಳಿಗೆಯ ಹಗ್ಗ ಹಿಡಿದು, “ಮೆಲ್ಲಕ ಅನ್ರೋ, ಕೂಸುಗೋಳು ಎದ್ದಾವು!” ಎಂದು ಹುಡುಗರನ್ನು ಗದರಿಸುತ್ತಿದ್ದರು.

ಕಥೆ ಕೇಳಿ ಸೊಸೆ ಸುಮ್ಮನಿರಬೇಕಲ್ಲ? “ಅಲ್ರಿ ಅತ್ತಿ, ಬಸು ಮಾಮಾ ಲಗೂನ ಮಲಗೋ ಕೂಸ ಆಗಿದ್ರ?” ಎಂದಳು.

ಹೌದಲ್ಲ! ಎರಡರ ಮಗ್ಗಿಗೇ ಅವನು ಮಲಗಿಬಿಟ್ಟಿದ್ದರೆ ನಾನೂ ಎರಡಕ್ಕೇ ಮನೆಗೆ ಹೋಗಿರುತ್ತಿದ್ದೆ. ಇಷ್ಟು ವರ್ಷ ಆ ಪಾಪದವನು ಎದುರಾದಾಗಲೆಲ್ಲ, “ನನ್ನ ಸೊಂಟ ಮುರದವ ನೀನ” ಎಂದು ಅಣಕಿಸುತ್ತ ಬಂದಿದ್ದೇನೆ.

ಬಸು ಈಗ ಸಂಕೇಶ್ವರದಲ್ಲಿದ್ದಾನೆ. ಅವನಿಗೊಂದು ಕಾರ್ಡು ಬರೆಯಲು ಕೂತಿದ್ದೇನೆ. ಮೊದಲ ಸಾಲು ಆಗಿದೆ: “ಬಸ್ಯಾ, ನೀ ಮಲಗಲಿಲ್ಲ, ಅದಕ್ಕ ನಾ ಕಲತೆ.”