ಹಾಸಿಗೆಯವನ ಅನುಮಾನ

ಹಾಸಿಗೆಯವನಿಗೆ ಅನುಮಾನ ಹುಟ್ಟುಗುಣ. ಹಾಲನ್ನು ಕಂಡರೂ ಸುಣ್ಣದ ನೀರಿರಬಹುದೇ ಎಂದು ಮೂಸಿ ನೋಡುವ ಆಸಾಮಿ. ಹಳೇ ಹಾಸಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಕೋಲಿನಿಂದ ಬಡಿದು, ಹಿಂಜಿ, ಮತ್ತೆ ತುಂಬಿ ಹೊಲಿಯುವುದು ಅವನ ಕಸುಬು. ಬಡಿಯುವಾಗ ಅಂಗಡಿಯ ಒಳಕೋಣೆ ಸೇರಿ ಕಿಟಕಿ ಬಾಗಿಲು ಭದ್ರ ಮಾಡಿಕೊಳ್ಳುತ್ತಿದ್ದ. ಗಿರಾಕಿಯ ಹತ್ತಿ ಗಾಳಿಗೆ ಹಾರಿ ತೂಕ ಇಳಿದರೆ ಕಳ್ಳನೆಂಬ ಹೆಸರು ಬರುತ್ತದೆಂದು ಅಪ್ಪ ಹೇಳಿಕೊಟ್ಟಿದ್ದ. ಮಗ ಆ ಮಾತನ್ನು ಗೆರೆ ದಾಟದೆ ಪಾಲಿಸಿದ.

ಅಂಥವನಿಗೆ ದಮ್ಮು ಹಿಡಿಯಿತು. ಕೆಮ್ಮಿ ಕೆಮ್ಮಿ ಸುಸ್ತಾದ ಮೇಲೆ ಕಂದುಬಣ್ಣದ ಗಟ್ಟಿ ಕಫ ಬೀಳುತ್ತಿತ್ತು. ಕ್ಷಯವಿರಬಹುದೆಂದು ಪರೀಕ್ಷೆ ಮಾಡಿದರು, ಅಲ್ಲವೆಂದಾಯಿತು. ಬಾಯಿಗಿಟ್ಟು ಸೇದುವ ಔಷಧಿ ಕೊಟ್ಟರು. ನಾಲ್ಕು ದಿನ ನೆಟ್ಟಗೆ, ಆಮೇಲೆ ಅದೇ ರಾಗ ಅದೇ ಹಾಡು.

ಅವನ ಕಣ್ಣು ಬಾಮೈದನ ಮೇಲೆ ಬಿತ್ತು. ಹೆಂಡತಿಯ ಈ ತಮ್ಮ ಅಂಗಡಿಯ ಜಗಲಿಯಲ್ಲಿ ಕೂತು ಹೊಲಿಗೆ ಹಾಕುತ್ತಿದ್ದ. ಚಹಾ ತರುವವನೂ ಅವನೇ. ಚಹಾ ಕುಡಿದು ಕೋಲು ಹಿಡಿದರೆ ಸಾಕು, ಕೆಮ್ಮು ಏರುತ್ತಿತ್ತು. ಸಾಲದ್ದಕ್ಕೆ, “ಭಾವ, ನೀವು ಮನೇಲಿ ಮಲಗಿರಿ, ಬಡಿಯೋದು ನಾನು ನೋಡ್ಕೋತೀನಿ” ಎಂಬ ಉಪಚಾರ ಬೇರೆ.

“ನಿನ್ನ ತಮ್ಮ ಅಂಗಡಿ ಮೇಲೆ ಕಣ್ಣಿಟ್ಟಿದಾನೆ ಕಣೇ. ಚಹಾದಲ್ಲಿ ಏನೋ ಬೆರೆಸ್ತಾನೆ” ಎಂದ ಹೆಂಡತಿಗೆ.

“ಬೆರೆಸ್ತಾನೆ, ಸಕ್ಕರೆ. ಅದೂ ನಿಮ್ಮ ನಾಲಿಗೆಗೆ ಸಾಲಲ್ಲ.”

ಅಂದಿನಿಂದ ಚಹಾವನ್ನು ಗುಟ್ಟಾಗಿ ಮೋರಿಗೆ ಸುರಿದ. ಕೆಮ್ಮು ಕಡಿಮೆಯಾಗಲಿಲ್ಲ. ಹಾಗಾದರೆ ಕುಡಿಯುವ ನೀರಿನಲ್ಲೇ ಕೈವಾಡವಿದೆ ಎಂದುಕೊಂಡು ಮನೆಯಿಂದ ನೀರು ಹೊತ್ತು ತಂದ. ಒಂದು ಮಧ್ಯಾಹ್ನ ಒಳಗೆ ಕೋಲಿನ ಸದ್ದು ನಿಂತಿತು. ಬಾಮೈದ ಕರೆದ, ಉತ್ತರವಿಲ್ಲ. ಬಾಗಿಲು ಮುರಿದು ನೋಡಿದರೆ ಭಾವ ಹತ್ತಿಯ ರಾಶಿಯ ಮೇಲೆ ಮೀನಿನಂತೆ ಬಾಯಿ ಬಿಡುತ್ತಿದ್ದ. ಬಾಮೈದ ಹೆಗಲ ಮೇಲೆ ಹೊತ್ತು ಓಡುವಾಗಲೂ ಭಾವ ಕೇಳಿದ್ದು, “ಒಳಗೆ ಏನೇನು ಮುಟ್ಟಿದೆ ನೀನು?”

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು, ಎದೆಯ ಸ್ಕ್ಯಾನ್ ಆಯಿತು.

“ಯಜಮಾನ್ರೇ, ಬೂಷ್ಟು ನಿಮ್ಮ ಎದೆ ಸೇರಿದೆ” ಎಂದರು ಡಾಕ್ಟರು.

“ಹಾಕಿದ್ದು ಯಾರು?”

“ನೀವೇ. ಹಳೇ ಹಾಸಿಗೆ ನೆಂದು ಬೂಷ್ಟು ಹಿಡಿದಿರುತ್ತೆ. ಮುಚ್ಚಿದ ಕೋಣೇಲಿ ಬಡಿದ್ರೆ ಅದರ ಪುಡಿ ಎದೆಗೆ ಇಳಿಯುತ್ತೆ. ಎಷ್ಟೋ ಜನಕ್ಕೆ ಏನೂ ಆಗಲ್ಲ. ನಿಮ್ಮ ದೇಹಕ್ಕೆ ಅದನ್ನ ಕಂಡ್ರೆ ಆಗಲ್ಲ, ಜಗಳಕ್ಕೆ ನಿಲ್ಲುತ್ತೆ. ಆ ಜಗಳದಲ್ಲಿ ಕೆಟ್ಟಿರೋದು ನಿಮ್ಮದೇ ಉಸಿರಿನ ಕೊಳವೆಗಳು. ಹಿಗ್ಗಿ ಸಡಿಲವಾಗಿವೆ, ಮತ್ತೆ ಮೊದಲಿನ ಹಾಗೆ ಆಗಲ್ಲ. ಮಾತ್ರೆ ತಗೊಂಡು ಆ ಧೂಳಿಂದ ದೂರ ಇದ್ರೆ ಉಳಿದದ್ದನ್ನ ಉಳಿಸ್ಕೋಬಹುದು.”

ಹಾಸಿಗೆಯವನು ಬಾಮೈದನ ಕಡೆ ಬೆರಳು ತೋರಿಸಿದ. “ಇವನೂ ಅದೇ ಅಂಗಡೀಲಿ ಇರ್ತಾನಲ್ಲ, ಇವನಿಗೆ ಯಾಕೆ ಬರ್ಲಿಲ್ಲ?”

“ನೀವು ಒಳಗೆ ಬಿಟ್ಟಿದ್ರೆ ತಾನೇ ಭಾವ” ಎಂದ ಅವನು.

ಹೆಂಡತಿ ನಗು ತಡೆಯಲು ಸೆರಗು ಬಾಯಿಗೊತ್ತಿಕೊಂಡು ಆ ಕಡೆ ತಿರುಗಿದಳು. ಹಾಸಿಗೆಯವನು ಲೆಕ್ಕ ಹಾಕಿದ. ಕಸುಬು ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಜೀವ. ಕೊನೆಗೆ ಉಡಿದಾರದಿಂದ ಅಂಗಡಿಯ ಬೀಗದಕೈ ಬಿಚ್ಚಿದ.

“ಬಯಲಲ್ಲಿ ಬಡಿ. ಮೂಗಿಗೆ ಬಟ್ಟೆ ಕಟ್ಕೋ. ಗಿರಾಕೀನ ಎದುರಿಗೇ ಕೂರಿಸ್ಕೋ, ಹಾರಿದ್ದು ಅವನ ಕಣ್ಣಿಗೂ ಬೀಳ್ಲಿ.” ಕೈಗೆ ಕೊಟ್ಟರೂ ಬೆರಳು ಸಡಿಲಿಸಲಿಲ್ಲ. “ಇಂಥದೇ ಇನ್ನೊಂದು ಬೀಗದಕೈ ಮಾಡಿಸ್ಕೊಂಡೀಯ, ಹುಷಾರು.”

“ಇನ್ನೊಂದು ಯಾಕೆ ಭಾವ? ಇದನ್ನೇ ಬಿಡಿ ಮೊದಲು.”